ಪೀಣ್ಯದ ಶೆಡ್ಡಿನಲ್ಲಿ ಕಾಣೆಯಾಗುತ್ತಿದ್ದ ಮೆಸೇಜುಗಳು

ಕಳೆದ ತಿಂಗಳು ಲಗ್ಗೆರೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಬೇಕಿತ್ತು. ನಮ್ಮ ಪಟ್ಟಂದೂರು ಅಗ್ರಹಾರದಲ್ಲೇ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿಕೊಂಡು ಪೀಣ್ಯದಲ್ಲಿ ಇಳಿದೆ. ಮೆಟ್ಟಿಲಿಳಿದು ಆಟೋ ಹುಡುಕುತ್ತಾ ಒಂದು ಅಡ್ಡರಸ್ತೆಗೆ ತಿರುಗಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಲೇತ್ ಮೆಷಿನ್ನಿಗೆ ಸುರಿಯುವ, ಹಾಲಿನಂತೆ ಬೆಳ್ಳಗಿರುವ ಕೂಲೆಂಟ್ ನೀರು ಹಳಸಿದಾಗ ಬರುವ ವಾಸನೆ. ಹೊಸಬರಾದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ರೇಷ್ಮೆ ಸೀರೆ ಉಟ್ಟುಕೊಂಡು, ಉಡುಗೊರೆಯ ಚೀಲ ಹಿಡಿದುಕೊಂಡು, ಅಲ್ಲೇ ನಿಂತು ಇನ್ನೊಂದು ಸಲ ಉಸಿರೆಳೆದುಕೊಂಡೆ. “ಏನಾಯ್ತಕ್ಕ, ತಲೆ ಸುತ್ತುತ್ತಿದ್ಯಾ?” ಅಂತ ಆಟೋದವನೊಬ್ಬ ಕೇಳಿದ. ಇಲ್ಲಪ್ಪ ಅಂದೆ. ಇಲ್ಲಿ ಒಂದು ಮಳೆಗಾಲ ಕಳೆದಿದ್ದೆ ಅಂತ ಅವನಿಗೆ ಹೇಳಿ ಏನುಪಯೋಗ.

ಅದು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಮ್ಮ ಕಡೆ ಮೆಟ್ರೋದ ಕಂಬಗಳೂ ಎದ್ದಿರಲಿಲ್ಲ. ಮದುವೆಗೆ ಮುಂಚೆ ನಾನು ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದೆ. ಆಮೇಲೆ ಎರಡು ಹೆರಿಗೆ, ಮನೆ, ಬಾಡಿಗೆದಾರರ ರಗಳೆ ಅಂತ ವರ್ಷಗಟ್ಟಲೆ ಮನೆಯಲ್ಲೇ ಉಳಿದುಬಿಟ್ಟಿದ್ದೆ. ನನ್ನ ಗಂಡನ ಮನೆಯವರು ಅಗ್ರಹಾರದ ಹಳಬರು. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಗಾಜಿನ ಕಟ್ಟಡಗಳು ಎದ್ದ ಮೇಲೆ, ಉಳಿದ ಜಾಗದಲ್ಲಿ ಮಾವನವರು ಮೂರು ಅಂತಸ್ತು ಕಟ್ಟಿಸಿ ಒಂದೊಂದು ರೂಮಿನಂತೆ ಬಾಡಿಗೆಗೆ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆಯದೇ ದರ್ಬಾರು. ಟೆರೇಸಿನ ತಂತಿಯ ಮೇಲೆ ಯಾವ ರೂಮಿನವರು ಯಾವ ದಿನ ಬಟ್ಟೆ ಒಣಗಿಸಬೇಕು ಅನ್ನುವುದನ್ನೂ ಅವರೇ ಹೇಳುತ್ತಿದ್ದರು.

ಚಿಕ್ಕವನು ಸ್ಕೂಲಿಗೆ ಸೇರಿದ ವರ್ಷ ನಾನು ಕೆಲಸಕ್ಕೆ ಹೋಗುತ್ತೇನೆ ಅಂದೆ. ನನ್ನ ಗಂಡ ಅವರಮ್ಮನ ಮುಖ ನೋಡಿದರು. “ಓಗ್ಲಿ ಬಿಡೋ. ಓದಿದ್ದೆಲ್ಲ ಮನೇಲಿ ಬೂಷ್ಟು ಇಡೀತದೆ. ಮಕ್ಕಳನ್ನ ನಾನ್ ನೋಡ್ಕೊಂತೀನಿ” ಅಂದರು ಅತ್ತೆ. ಅಲ್ಲಿಗೆ ತೀರ್ಮಾನವಾಯಿತು.

ಕೆಲಸ ಸಿಕ್ಕಿದ್ದು ಗಾಜಿನ ಕಟ್ಟಡದಲ್ಲೇನಲ್ಲ. ಅದರ ಹಿಂದಿನ ಗಲ್ಲಿಯಲ್ಲಿ, ಪೇಂಟ್ ಅಂಗಡಿಯ ಮೇಲೆ, ಬೆರಳೆಣಿಕೆಯ ಜನ ಇದ್ದ ಒಂದು ಸಣ್ಣ ಕಂಪನಿ. ಅದನ್ನು ನಡೆಸುತ್ತಿದ್ದವನು ಶ್ರೀಧರ. ನನ್ನ ತಮ್ಮನಿಗಿಂತ ಚಿಕ್ಕವನು. ದೊಡ್ಡ ಕಂಪನಿಯ ನೌಕರಿ ಬಿಟ್ಟು ಸ್ವಂತದ್ದು ಶುರು ಮಾಡಿದ್ದ. ತಮಾಷೆ ಏನೆಂದರೆ ಅವನು ನಮ್ಮದೇ ಎರಡನೇ ಮಹಡಿಯ ಬಾಡಿಗೆದಾರ. ಆಫೀಸಿನಲ್ಲಿ ನಾನು ಅವನ ಕೈಕೆಳಗೆ, ಮನೆಗೆ ಬಂದರೆ ಅವನು ಅತ್ತೆಯ ಕೈಕೆಳಗೆ. ಬೆಳಿಗ್ಗೆ ಅತ್ತೆಯ ಹತ್ತಿರ ನೀರು ಜಾಸ್ತಿ ಖರ್ಚು ಮಾಡಿದ್ದಕ್ಕೆ ಬೈಸಿಕೊಂಡವನು ಹತ್ತು ಗಂಟೆಗೆ ನನ್ನನ್ನು ಕೂರಿಸಿಕೊಂಡು ಕೆಲಸ ಹೇಳುತ್ತಿದ್ದ. ಇಬ್ಬರೂ ನಗು ತಡೆದುಕೊಳ್ಳುವುದು ಕಷ್ಟವಾಗುತ್ತಿತ್ತು.

ಮೊದಲ ದಿನವೇ ಅವನು ಹೇಳಿದ ಕೆಲಸ ವಿಚಿತ್ರವಾಗಿತ್ತು. “ಮಂಜುಳಾ ಅವ್ರೇ, ನಮ್ಮ ಪ್ರೋಗ್ರಾಮೆಲ್ಲ ಪೈಥಾನ್ ಭಾಷೇಲಿದೆ. ಅವು ಒಂದಕ್ಕೊಂದು ಮಾತಾಡೋದು ಒಂದು ಮೆಸೇಜಿಂಗ್ ಸರ್ವರ್ ಮೂಲಕ. ಅಂಥ ಪ್ರೋಗ್ರಾಮ್ ಬರೆಯೋಕ್ ಮುಂಚೆ ಕಂಪ್ಯೂಟರಲ್ಲಿ ಏನೇನ್ ಇರ್ಬೇಕು, ಎಲ್ಲಾ ನೀವೇ ಕಂಡುಹಿಡಿದು ಒಂದು ಪುಟ ಬರೀರಿ. ನಮ್ಮಲ್ಲಿ ಹೊಸಬರ ಕೆಲ್ಸ ಅದು” ಅಂದ. ನಿಮಗೆ ಗೊತ್ತಿಲ್ಲವಾ ಅಂತ ಕೇಳಿದೆ. “ಗೊತ್ತಿದೆ. ಅದಕ್ಕೇ ನಾವು ಬರೆದ್ರೆ ಅರ್ಧ ಬಿಟ್ಟೋಗಿರುತ್ತೆ” ಅಂದ. ಆ ಉತ್ತರ ನನಗೆ ಬಹಳ ಹಿಡಿಸಿತು. ಮನೆಯಲ್ಲಿ ಇಷ್ಟು ವರ್ಷ ಕೂತಿದ್ದಕ್ಕೆ ಮೊದಲ ಸಲ ಒಂದು ಬೆಲೆ ಬಂದ ಹಾಗಾಯಿತು.

ಸಂಜೆ ಮನೆಗೆ ಬಂದರೆ ಅತ್ತೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ, ಅದೇನು ಕೆಲಸ ಅಂತ ಕೇಳಿದರು. “ನಮ್ ಬೀದೀಲಿ ಇಸ್ತ್ರಿ ಅಂಗಡಿ ಇದ್ಯಲ್ಲ ಅತ್ತೆ. ರೂಮಿನ ಹುಡುಗ್ರು ಬೀಗದಕೈ, ಹೇಳ್ಬೇಕಾದ ಮಾತು, ಎಲ್ಲಾ ಅಲ್ಲೇ ಬಿಟ್ಟೋಗ್ತಾರೆ. ಒಬ್ಬಂದು ಹಗಲು ಶಿಫ್ಟು, ಒಬ್ಬಂದು ರಾತ್ರಿ ಶಿಫ್ಟು. ಮುಖಾಮುಖಿ ಆಗೋದೇ ಇಲ್ಲ. ಇಸ್ತ್ರಿಯವ್ರು ಇಟ್ಕೊಂಡಿದ್ದು, ಬಂದವ್ರಿಗೆ ಒಪ್ಪಿಸ್ತಾರೆ. ಆ ಕೆಲ್ಸನೇ ಕಂಪ್ಯೂಟರ್ ಒಳಗೆ ಮಾಡೋದು ಮೆಸೇಜಿಂಗ್ ಸರ್ವರ್ರು” ಅಂದೆ. ಅತ್ತೆ ಜರಡಿ ನಿಲ್ಲಿಸಿ, “ಅದುಕ್ಕೆ ಇಷ್ಟೊಂದು ಓದ್ಬೇಕೇನವ್ವ?” ಅಂದರು.

ಓದಿದ್ದೂ ಸಾಲಲಿಲ್ಲ. ಒಂದು ಜೆರಾಕ್ಸ್ ಕೊಟ್ಟರೆ ಇನ್ನೊಂದು ಕೇಳುವ ಸರ್ಕಾರಿ ಕಚೇರಿಯ ಹಾಗೆ ಅದು ನನ್ನನ್ನು ಆಟವಾಡಿಸಿತು. ಪೈಥಾನ್ ಹಾಕಿದೆ, ಅದು ಬೇರೆ ವರ್ಷನ್ನು ಅಂತಾಯಿತು. ಸರಿಯಾದ ವರ್ಷನ್ ಹಾಕಿದರೆ ಸರ್ವರಿನ ಜೊತೆ ಮಾತಾಡಲು ಬೇಕಾದ ಸಿದ್ಧ ಕೋಡು, ಲೈಬ್ರರಿ ಅನ್ನುತ್ತಾರೆ, ಅದಕ್ಕೆ ಒಗ್ಗಲಿಲ್ಲ. ಒಗ್ಗುವ ಲೈಬ್ರರಿ ಹುಡುಕಿ ತಂದರೆ ಸರ್ವರೇ ಓಡುತ್ತಿರಲಿಲ್ಲ. ಓಡಿಸಿದರೆ ಅದರೊಳಗೆ ಹೋಗುವ ಬಾಗಿಲು, ಅಂದರೆ ಪೋರ್ಟು, ಮುಚ್ಚಿತ್ತು. ಪೋರ್ಟು ತೆಗೆಸಿದರೆ ನನ್ನ ಹೆಸರು ಗೊತ್ತಿಲ್ಲ ಅಂದಿತು. ಹೆಸರು ಕೊಟ್ಟರೆ ಪಾಸ್‌ವರ್ಡು, ಪಾಸ್‌ವರ್ಡು ಕೊಟ್ಟರೆ ಆ ಕ್ಯೂ ಮುಟ್ಟಲು ನಿನಗೆ ಅನುಮತಿ ಇಲ್ಲ ಅಂತ ಬಂತು. ಕ್ಯೂ ಅಂದರೆ ಮೆಸೇಜುಗಳು ಒಂದರ ಹಿಂದೊಂದು ಕಾಯುತ್ತಾ ನಿಲ್ಲುವ ಜಾಗ. ಒಂದು ವಾರ ಹೀಗೇ ಒದ್ದಾಡಿ, ಪೆಟ್ಟು ತಿಂದ ಒಂದೊಂದನ್ನೂ ಬರೆದು, ಕಡೆಗೊಂದು ದಿನ ಈ ಪ್ರೋಗ್ರಾಮಿನಿಂದ ‘ನಮಸ್ಕಾರ’ ಅಂತ ಕಳಿಸಿದರೆ ಆ ಪ್ರೋಗ್ರಾಮಿನಲ್ಲಿ ‘ನಮಸ್ಕಾರ’ ಅಂತ ಬಂತು. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಪಕ್ಕದಲ್ಲಿದ್ದವರು ನೋಡದಿರಲಿ ಅಂತ ಕರವಸ್ತ್ರ ತೆಗೆದು ಸೀನಿದಂತೆ ಮಾಡಿದೆ.

ನನ್ನ ಪುಟ ನೋಡಿ ಶ್ರೀಧರ, ಇಷ್ಟು ಪೂರ್ತಿಯಾಗಿ ಇದುವರೆಗೆ ಯಾರೂ ಬರೆದಿರಲಿಲ್ಲ ಅಂದ. ಅದನ್ನು ಇಟ್ಟುಕೊಂಡೇ ಪೀಣ್ಯದ ಶೆಡ್ಡಿನ ಕಂಪ್ಯೂಟರನ್ನು ಸಿದ್ಧ ಮಾಡಿದೆವು.

ಆ ಶೆಡ್ಡು ಪ್ರಭಾಕರ್ ಅನ್ನುವವರದು. ಲೇತು, ತಗಡು ಒತ್ತಿ ಕತ್ತರಿಸುವ ಪ್ರೆಸ್ಸು ಇಟ್ಟುಕೊಂಡು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದರು. ನಮ್ಮ ಕಂಪನಿಗೆ ಸಿಕ್ಕ ಮೊದಲ ಗಿರಾಕಿ ಅವರೇ, ಆಗ ಇದ್ದ ಒಬ್ಬರೇ ಗಿರಾಕಿಯೂ ಅವರೇ. ಯಾವ ಮೆಷಿನ್ನು ಎಷ್ಟು ಹೊತ್ತು ನಿಂತಿತ್ತು, ಯಾಕೆ ನಿಂತಿತ್ತು ಅನ್ನುವುದು ಅವರಿಗೆ ಬೇಕಿತ್ತು. ಒಂದೊಂದು ಮೆಷಿನ್ನಿಗೂ ಸಣ್ಣ ಡಬ್ಬಿ ಕಟ್ಟಿದೆವು. ಮೆಷಿನ್ ನಿಂತರೆ ಆಪರೇಟರು ಕಾರಣದ ಗುಂಡಿ ಒತ್ತಬೇಕು. ಟೂಲ್ ಮುರಿಯಿತೋ, ಮಾಲು ಬರಲಿಲ್ಲವೋ, ಕರೆಂಟು ಹೋಯಿತೋ. ಆ ಮೆಸೇಜು ಶೆಡ್ಡಿನ ಕ್ಯಾಬಿನ್ನಿನಲ್ಲಿದ್ದ ಸರ್ವರಿಗೆ ಹೋಗಿ, ಅಲ್ಲಿಂದ ಡೇಟಾ ಕಾರ್ಡಿನ ಇಂಟರ್ನೆಟ್ಟಿನಲ್ಲಿ ನಮ್ಮ ಆಫೀಸಿಗೆ ಬಂದು, ಮಾಲೀಕರಿಗೆ ರಿಪೋರ್ಟಾಗಿ ಹೋಗುತ್ತಿತ್ತು. ಮಳೆ ಬಂದರೆ ಇಂಟರ್ನೆಟ್ಟು ಸಾಯುತ್ತದೆ ಅಂತ ನಮಗೆ ಗೊತ್ತಿತ್ತು. “ತೊಂದ್ರೆ ಇಲ್ಲ ಸಾರ್. ಲೈನ್ ಬರೋವರ್ಗೂ ಮೆಸೇಜ್ ಕ್ಯೂನಲ್ಲಿ ಕಾಯ್ತಿರುತ್ತೆ, ಎಲ್ಲೂ ಹೋಗಲ್ಲ” ಅಂತ ಶ್ರೀಧರ ಎದೆ ತಟ್ಟಿ ಹೇಳಿದ್ದ. ಅವರು ಒಪ್ಪಿದ್ದೂ ಆ ಮಾತಿಗೇ.

ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ನೋಡಿಕೊಂಡು ಬರುವುದು ನನ್ನ ಪಾಲಿಗೆ ಬಂತು. ಊರಿನ ಈ ತುದಿಯಿಂದ ಆ ತುದಿ. ಮಾರತ್‌ಹಳ್ಳಿಯಲ್ಲಿ ಒಂದು ಬಸ್ಸು, ಹೆಬ್ಬಾಳದಲ್ಲಿ ಇನ್ನೊಂದು ಬಸ್ಸು. ಇಳಿಯುವ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತಿತ್ತು. ಶೆಡ್ಡಿನ ಸೂಪರ್‌ವೈಸರ್ ರಂಗಪ್ಪನವರು ಮಾಗಡಿ ಕಡೆಯವರು, ಲಗ್ಗೆರೆಯಲ್ಲಿ ಮನೆ. ಆ ಶೆಡ್ಡಿನಲ್ಲಿ ಬರೀ ಎರಡು ಲೇತ್ ಇದ್ದಾಗಿನಿಂದ ಅಲ್ಲಿದ್ದವರು. ನಾನು ಒಳಗೆ ಕಾಲಿಟ್ಟ ತಕ್ಷಣ ಒಂದು ಸ್ಟೂಲು ಒರೆಸಿ ಕೊಟ್ಟು, “ಕೂತ್ಕಳಿ ಮೇಡಂ, ಬಸ್ಸಲ್ಲಿ ನಿಂತೇ ಬಂದಿರ್ತೀರ” ಅನ್ನುತ್ತಿದ್ದರು. ಅಲ್ಲಿನ ಆಪರೇಟರುಗಳಿಗೆ ಅವರು ಬೈಯುವುದನ್ನು ಕೇಳಿದ್ದೇನೆ, ಆದರೆ ಮಾಲೀಕರ ಹತ್ತಿರ ಅವರ ಮೇಲೆ ಒಂದು ದೂರು ಹೇಳಿದ್ದನ್ನು ಕೇಳಿಲ್ಲ.

ಜೂನ್ ತಿಂಗಳೆಲ್ಲ ಚೆನ್ನಾಗೇ ನಡೆಯಿತು. ಜುಲೈನಲ್ಲಿ ಮಧ್ಯಾಹ್ನದ ಮಳೆ ಹಿಡಿದುಕೊಂಡಿತು. ಪ್ರಭಾಕರ್ ಸಾರ್ ಫೋನು ಮಾಡಿದರು. ಮಳೆ ಬಂದ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಒಂದು ಮೆಷಿನ್ನೂ ನಿಂತಿಲ್ಲ ಅಂತ ರಿಪೋರ್ಟು ಹೇಳುತ್ತಿತ್ತಂತೆ. ತಯಾರಾದ ಮಾಲು ನೋಡಿದರೆ ಅರ್ಧವೂ ಇಲ್ಲ. ಶ್ರೀಧರ ಆಫೀಸಿನಲ್ಲಿ ಎರಡು ದಿನ ಕೂತು ಎಲ್ಲವನ್ನೂ ಪರೀಕ್ಷೆ ಮಾಡಿದ. ಇಂಟರ್ನೆಟ್ ಕಿತ್ತು ಹಾಕಿದ, ಮೆಸೇಜು ಕಾದು ನಿಂತವು. ಮತ್ತೆ ಹಾಕಿದ, ಎಲ್ಲವೂ ಬಂದವು. ಮಾಲೀಕರಿಗೆ ಫೋನು ಮಾಡಿ, “ಸಾಫ್ಟ್‌ವೇರಲ್ಲಿ ಏನೂ ತೊಂದ್ರೆ ಇಲ್ಲ ಸಾರ್, ಪಕ್ಕಾ” ಅಂದ.

ಸಾಫ್ಟ್‌ವೇರಿನಲ್ಲಿ ತೊಂದರೆ ಇಲ್ಲ ಅಂದರೆ ಮನುಷ್ಯರಲ್ಲಿ ಇದೆ ಅಂತ ಅವರು ತಿಳಿದರು. ಮಳೆ ಬಂದರೆ ಶೆಡ್ಡಿನ ಶೀಟು ಸೋರುತ್ತಿತ್ತು, ಆಪರೇಟರುಗಳು ಮೆಷಿನ್ ನಿಲ್ಲಿಸಿ ಪಕ್ಕಕ್ಕೆ ನಿಲ್ಲುತ್ತಿದ್ದರು. ಅವರನ್ನು ಉಳಿಸಲು ಯಾರೋ ಮೆಸೇಜು ಅಳಿಸಿದ್ದಾರೆ ಅನ್ನುವುದು ಮಾಲೀಕರ ಲೆಕ್ಕ. ಕ್ಯಾಬಿನ್ನಿನ ಬೀಗದಕೈ ಇರುವುದು ಒಬ್ಬರ ಹತ್ತಿರ. ಒಂದು ಸೋಮವಾರ ಬೆಳಿಗ್ಗೆ ಪ್ರಭಾಕರ್ ಸಾರ್ ಶಿಫ್ಟಿನವರೆಲ್ಲರ ಮುಂದೆ ರಂಗಪ್ಪನವರಿಂದ ಆ ಬೀಗದಕೈ ಕೇಳಿ ಈಸಿಕೊಂಡು, ತಿಂಗಳ ಕೊನೆಗೆ ಬೇರೆ ಕಡೆ ನೋಡಿಕೋ ಅಂದುಬಿಟ್ಟರು.

ಮಾರನೆಯ ದಿನ ನಾನು ಹೋದಾಗ ಕ್ಯಾಬಿನ್ನಿನ ಬಾಗಿಲು ತೆಗೆದಿದ್ದು ವಾಚ್‌ಮನ್. ರಂಗಪ್ಪನವರು ಎಂದಿನಂತೆ ಸ್ಟೂಲು ಒರೆಸಿ ಕೊಟ್ಟರು, ಒಳಗೆ ಮಾತ್ರ ಬರಲಿಲ್ಲ. ಮಧ್ಯಾಹ್ನ ಟೀ ತಂದವರು ಬಾಗಿಲ ಹೊರಗೇ ನಿಂತು ಕೊಟ್ಟರು. ಒಳಗೆ ಬನ್ನಿ ಅಂದೆ. “ಬ್ಯಾಡಿ ಮೇಡಂ, ನಾಳೆ ಇನ್ನೊಂದ್ ಮಾತು ಬರ್ತದೆ” ಅಂದರು. ಆಮೇಲೆ “ಕೆಲ್ಸ ಓದ್ರೆ ಓಗ್ಲಿ. ಪೀಣ್ಯದಾಗೆ ನನ್ನ ಗೊತ್ತಿರೋರು ಅವ್ರೆ, ಎಲ್ಲಾದ್ರೂ ಕರೀತಾರೆ. ಆದ್ರೆ ಅಳಿಸಾಕ್ದ ಅನ್ನಿಸ್ಕೊಂಡು ಈ ಗೇಟ್ ಎಂಗ್ ದಾಟ್ಲಿ? ಅವ್ರೆಲ್ಲ ನನ್ ಕೈಲಿ ಕೆಲ್ಸ ಕಲ್ತೋರು” ಅಂದರು. ಆ ಕಂಪ್ಯೂಟರಿನಲ್ಲಿ ಒಂದು ಮೆಸೇಜು ಅಳಿಸಬೇಕೆಂದರೆ ಏನೇನು ಗೊತ್ತಿರಬೇಕು ಅಂತ ನನಗೆ ಗೊತ್ತಿತ್ತು. ಮೌಸು ಒರೆಸುವಾಗಲೂ ಎಲ್ಲಿ ಏನು ಒತ್ತಿಬಿಡುತ್ತೇನೋ ಅಂತ ಹೆದರುತ್ತಿದ್ದ ಮನುಷ್ಯ ಅವರು.

ಟೀ ಕುಡಿದು ಮುಗಿಸುವಷ್ಟರಲ್ಲಿ ಮಳೆ ಶುರುವಾಯಿತು. ತಗಡಿನ ಮೇಲೆ ಬೀಳುವ ಸದ್ದಿಗೆ ಪ್ರೆಸ್ಸಿನ ಸದ್ದೂ ಕೇಳಿಸದಾಯಿತು. ಇಂಟರ್ನೆಟ್ಟು ಹೋಯಿತು. ನಾನು ಕ್ಯೂ ನೋಡುತ್ತಾ ಕೂತೆ. ಒಂದೊಂದೇ ಮೆಷಿನ್ನು ನಿಂತ ಹಾಗೆ ಒಂದೊಂದೇ ಮೆಸೇಜು ಬಂದು ಸೇರುತ್ತಿತ್ತು. ಒಂದೂ ತಪ್ಪಲಿಲ್ಲ. ಎಲ್ಲವೂ ಸರಿಯಾಗಿದೆಯಲ್ಲ ಅಂತ ತಲೆ ಕೆರೆದುಕೊಂಡೆ. ಸಂಜೆ ಸೈರನ್ ಆಯಿತು. ನಾನು ಟಿಫನ್ ಡಬ್ಬಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ಶಟರಿನ ಪಕ್ಕದ ಗೋಡೆಯ ಮೇಲೆ ಎರಡು ಮೈನ್ ಸ್ವಿಚ್ ಇದ್ದವು, ಒಂದು ಮೆಷಿನ್ನುಗಳಿಗೆ, ಇನ್ನೊಂದು ಲೈಟು ಮತ್ತು ಕ್ಯಾಬಿನ್ನಿಗೆ. ರಂಗಪ್ಪನವರು ಟಾರ್ಚ್ ಹಿಡಿದುಕೊಂಡು ಬಂದು, ಒಂದಾದ ಮೇಲೊಂದು ಎರಡೂ ಹ್ಯಾಂಡಲ್ ಕೆಳಗೆ ಎಳೆದರು. ಎಲ್ಲ ಕತ್ತಲಾಯಿತು. ಯುಪಿಎಸ್ಸು ಕುಂಯ್ ಕುಂಯ್ ಅಂತ ಬಡಿದುಕೊಳ್ಳತೊಡಗಿತು. “ಅದನ್ನೂ ಒಸಿ ಆಪ್ ಮಾಡ್ಬಿಡಿ ಮೇಡಂ, ಸಾಯೋಗಂಟ ಅಳ್ತಿರ್ತದೆ” ಅಂದರು.

“ದಿನಾ ಹೀಗೇ ಆಫ್ ಮಾಡ್ತೀರಾ?” ಅಂತ ಕೇಳಿದೆ.

“ದಿನಾ ಇಂಗೇ. ಗೇಟಲ್ಲಿ ಅವ್ನಲ್ಲ ವಾಚ್‌ಮನ್ನು, ಅವ್ನ ಬಲಗೈ ನೋಡಿದೀರಾ? ಪ್ರೆಸ್ ಮೇಲಿದ್ದ ಅವ್ನು. ಒಂದಿನ ಕರೆಂಟ್ ಓಯ್ತು, ಯಾರೂ ಆಪ್ ಮಾಡ್ಲಿಲ್ಲ. ಸಿಕ್ಕಾಕಂಡಿದ್ದ ಪೀಸ್ ತಗಿಯಕ್ಕೆ ಕೈ ಆಕ್ದ, ಕರೆಂಟ್ ಬಂದ್ಬಿಡ್ತು. ಅವತ್ತಿಂದ ನಾನು ಯಾವುದನ್ನೂ ಆನಲ್ಲಿ ಬಿಟ್ಟು ಮನೇಗ್ ಓಗಿಲ್ಲ ಮೇಡಂ.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಹೆಬ್ಬಾಳ ಬರುವಷ್ಟರಲ್ಲಿ ವಿಷಯ ಹೊಳೆಯಿತು. ನಮ್ಮ ಆಫೀಸಿನಲ್ಲಿ ಕಂಪ್ಯೂಟರನ್ನು ಯಾರೂ ಆಫ್ ಮಾಡುವುದೇ ಇಲ್ಲ. ಕರೆಂಟು ಹೋದರೆ ಜನರೇಟರು ಓಡುತ್ತದೆ. ಕೊಂಡು ತಂದ ದಿನ ಆನ್ ಆದ ಸರ್ವರು ಹಾಗೇ ಇತ್ತು. ಅದು ಮೆಸೇಜುಗಳನ್ನು ಎಲ್ಲಿ ಇಟ್ಟುಕೊಳ್ಳುತ್ತದೆ ಅಂತ ಯೋಚಿಸುವ ಗೋಜಿಗೇ ನಮ್ಮಲ್ಲಿ ಯಾರೂ ಹೋಗಿರಲಿಲ್ಲ. ನಾವಾಗಿ ಹೇಳದಿದ್ದರೆ ಅದು ಎಲ್ಲವನ್ನೂ ನೆನಪಿನಲ್ಲಷ್ಟೇ ಇಟ್ಟುಕೊಳ್ಳುತ್ತದೆ, ಡಿಸ್ಕಿನ ಮೇಲೆ ಬರೆದಿಡುವುದಿಲ್ಲ. ಕರೆಂಟು ತೆಗೆದರೆ ಅಷ್ಟೂ ಹೋಯಿತು. ಬಿಸಿಲಿನ ದಿನ ಮೆಸೇಜುಗಳು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ, ಬಂದ ಹಾಗೇ ನಮ್ಮಲ್ಲಿಗೆ ದಾಟಿಬಿಡುತ್ತಿದ್ದವು. ಮಳೆ ಬಂದ ದಿನ ಮಾತ್ರ ಅವು ಕಾಯುತ್ತಾ ನಿಂತಿರುತ್ತಿದ್ದವು, ಸಂಜೆ ರಂಗಪ್ಪನವರು ಬಂದು ಮೈನ್ ಎಳೆಯುತ್ತಿದ್ದರು. ಬೆಳಿಗ್ಗೆ ಆಫೀಸಿಗೆ ಹೋದವಳೇ ಪೀಣ್ಯದ ಕ್ಯೂ ನೋಡಿದೆ. ಹಿಂದಿನ ಸಂಜೆ ಕಣ್ಣಾರೆ ಕಂಡ ಮೆಸೇಜುಗಳಲ್ಲಿ ಒಂದೂ ಉಳಿದಿರಲಿಲ್ಲ.

ಶ್ರೀಧರನಿಗೆ ಹೇಳಿದಾಗ ಅವನು ಹಣೆ ಹಣೆ ಚಚ್ಚಿಕೊಂಡ. ಎಷ್ಟು ಸಣ್ಣದು ಅದು. ಕ್ಯೂ ಮಾಡುವಾಗ ಒಂದು ಮಾತು, ಮೆಸೇಜು ಕಳಿಸುವಾಗ ಒಂದು ಮಾತು ಸೇರಿಸಿದರೆ ಎಲ್ಲವೂ ಡಿಸ್ಕಿನ ಮೇಲೆ ಕೂರುತ್ತದೆ. ಮಧ್ಯಾಹ್ನದೊಳಗೆ ತಿದ್ದಿ ಮುಗಿಸಿದ. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, “ಪ್ರಭಾಕರ್ ಸಾರ್‌ಗೆ ಏನೂ ಹೇಳೋದ್ ಬೇಡ. ಅಪ್‌ಡೇಟ್ ಹಾಕಿದೀವಿ ಅಂತೀನಿ. ನಿನ್ನೆದು ಟೆಸ್ಟಿಂಗ್ ಮಾಡ್ತಿದ್ವಿ, ಅದಕ್ಕೆ ರಿಪೋರ್ಟ್ ಬಂದಿಲ್ಲ ಅಂದ್ರಾಯ್ತು” ಅಂದ.

“ರಂಗಪ್ಪನವ್ರು?”

“ಇನ್ಮೇಲೆ ಮೆಸೇಜ್ ಸರಿಯಾಗಿ ಬರುತ್ತಲ್ಲ. ಅವ್ರೂ ಮರೀತಾರೆ, ಇವ್ರೂ ಮರೀತಾರೆ.”

“ಮರೆಯಲ್ಲ ಶ್ರೀಧರ್. ಸೋಮವಾರ ಬೀಗದಕೈ ಕಿತ್ಕೊಂಡ್ರು, ಅದೇ ವಾರದಿಂದ ಮೆಸೇಜು ಕಳೆಯೋದು ನಿಂತೋಯ್ತು. ಇದನ್ನ ನೋಡಿದವ್ರು ಏನಂದ್ಕೋತಾರೆ?”

ಅವನ ಕಷ್ಟ ನನಗೆ ಅರ್ಥವಾಗದೇನಿರಲಿಲ್ಲ. ಎಲ್ಲೂ ಹೋಗಲ್ಲ ಅಂತ ಎದೆ ತಟ್ಟಿಕೊಂಡು ಮಾರಿದ್ದೇ ಕಳೆದುಹೋಗುತ್ತಿತ್ತು ಅಂತ ಗೊತ್ತಾದರೆ ಇದ್ದೊಬ್ಬ ಗಿರಾಕಿ ಉಳಿಯುತ್ತಾನಾ? ಅವನು ಹೋದರೆ ಪೇಂಟ್ ಅಂಗಡಿಯ ಮೇಲಿನ ನಾವೆಲ್ಲ ಎಲ್ಲಿಗೆ ಹೋಗುವುದು? ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ವಯಸ್ಸಾದ ಮೇಲೆ ಸಿಕ್ಕ ಕೆಲಸ ಅದು. ಆದರೂ ಬಾಗಿಲ ಹೊರಗೆ ನಿಂತು ಟೀ ಲೋಟ ಚಾಚಿದ ಆ ಕೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಅವತ್ತು ರಾತ್ರಿ ಊಟ ಬಡಿಸುತ್ತಾ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಹೂಂ ಅಂದರು ಅಷ್ಟೇ.

ಭಾನುವಾರ ಶ್ರೀಧರ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಅಂತ ಕೆಳಗೆ ಬಂದ. ಅತ್ತೆ ಅವನನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿ, ಕೈಗೆ ರೊಟ್ಟಿ ಚಟ್ನಿಯ ತಟ್ಟೆ ಕೊಟ್ಟರು. ಅವನು ಎರಡು ತುತ್ತು ತಿಂದ ಮೇಲೆ ಶುರು ಮಾಡಿದರು.

“ಪೀಣ್ಯದಾಗೆ ಒಬ್ಬ ಯಜಮಾನ್ರ ಮೇಲೆ ಮಾತು ಬಂದೈತಂತೆ?”

ಶ್ರೀಧರ ನನ್ನ ಮುಖ ನೋಡಿದ. ನಾನು ಹೆಂಚಿನ ಮೇಲಿನ ರೊಟ್ಟಿ ನೋಡಿದೆ.

“ಅದು ಸರಿಯಾಗುತ್ತೆ ಆಂಟಿ. ಈಗ ಹೇಳೋಕೋದ್ರೆ ನಮ್ ಕಂಪನಿನೇ ಮುಳುಗೋಗುತ್ತೆ.”

“ಮುಳುಗ್ಲಿ ಅಂತ ನಾನು ಏಳ್ತೀನಾ? ನೀನ್ ಇಲ್ಲಿರ್ಬೇಕು, ನಮ್ ಉಡುಗಿ ಕೆಲ್ಸುಕ್ ಓಗ್ಬೇಕು, ನಂಗೂ ಅದೇ ಆಸೆ. ಆದ್ರೆ ಆ ಯಪ್ಪನ್ನ ಎಲ್ರ ಮುಂದೆ ಅಂದವ್ರೆ ಕಣಪ್ಪ. ನೀನ್ ಮೂಲೇಲಿ ಕೂತು ರಿಪೇರಿ ಮಾಡಿದ್ರೆ ಅದು ಓಯ್ತದಾ? ಅವ್ರೆಲ್ಲ ನಿಂತಿರೋವಾಗ್ಲೇ ಏಳ್ಬೇಕು.” ಇನ್ನೊಂದು ರೊಟ್ಟಿ ಅವನ ತಟ್ಟೆಗೆ ಹಾಕಿ, “ತಿನ್ನು, ಆರೋಯ್ತದೆ. ನೀರು ಬಿಡಿಸ್ತೀನಿ” ಅಂದರು.

ಅವನು ಅರ್ಧ ರೊಟ್ಟಿ ಬಿಟ್ಟು ಎದ್ದ. ಮೆಟ್ಟಿಲ ಹತ್ತಿರ ನಿಂತು, “ನಾಳೆ ನಾನೂ ಬರ್ತೀನಿ ಪೀಣ್ಯಕ್ಕೆ. ತೊಂದ್ರೆ ಇಲ್ಲ ಅಂತ ಪಕ್ಕಾ ಹೇಳಿದ್ದು ನಾನು, ನಾನೇ ಹೇಳ್ತೀನಿ” ಅಂದ. ಅವನ ಮೇಲೆ ನನಗೆ ಗೌರವ ಹುಟ್ಟಿದ್ದು ಆವತ್ತು. ಆಮೇಲೆ ಎಷ್ಟು ವರ್ಷ ಅವನ ಜೊತೆ ಕೆಲಸ ಮಾಡಿದರೂ ಅದು ಕಡಿಮೆಯಾಗಲಿಲ್ಲ.

ಸೋಮವಾರ ಶಿಫ್ಟ್ ಶುರುವಾಗುವ ಮುಂಚೆಯೇ ನಾವು ಶೆಡ್ಡಿನಲ್ಲಿದ್ದೆವು. ಆಪರೇಟರುಗಳು ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದರು, ಪ್ರಭಾಕರ್ ಸಾರ್ ಆಗಷ್ಟೇ ಕಾರಿನಿಂದ ಇಳಿದು ಬಂದಿದ್ದರು. ಶ್ರೀಧರ ಗಂಟಲು ಸರಿ ಮಾಡಿಕೊಂಡು ಹೇಳಿದ. “ಸಾರ್, ಮೆಸೇಜು ಯಾರೂ ಅಳಿಸಿಲ್ಲ. ಸಂಜೆ ಮೈನ್ ತೆಗೆದ್ರೆ ಕಂಪ್ಯೂಟರ್ ಮರೆತುಬಿಡೋ ಥರ ನಾವೇ ಮಾಡಿಟ್ಟಿದ್ವಿ. ರಂಗಪ್ಪನವ್ರು ಅವ್ರ ಕೆಲ್ಸ ಸರಿಯಾಗಿ ಮಾಡಿದಾರೆ. ನಮ್ಮದೇ ತಪ್ಪು.”

ಪ್ರಭಾಕರ್ ಸಾರ್ ಮುಖ ಕೆಂಪಗಾಯಿತು. “ಏನ್ರೀ, ಪಕ್ಕಾ ಅಂದಿದ್ದು ನೀವೇ ಅಲ್ವಾ? ಇವತ್ತು ಇದು, ನಾಳೆ ಇನ್ನೊಂದು ಹೇಳ್ತೀರಾ. ನಾನು ಯಾವುದನ್ನ ನಂಬ್ಲಿ?” ಅಂದರು. ಕೇಳಬೇಕಾದ ಪ್ರಶ್ನೆಯೇ ಅದು. ಇವತ್ತೇ ತೋರಿಸುತ್ತೇವೆ ಸಾರ್ ಅಂದೆ. ಅವರ ಕಣ್ಣೆದುರೇ ಡೇಟಾ ಕಾರ್ಡು ಕಿತ್ತು ಅವರ ಕೈಗೇ ಕೊಟ್ಟೆ. ಆ ದಿನದ ಮೆಸೇಜುಗಳು ಹೊರಗೆ ಹೋಗಲು ದಾರಿಯೇ ಇರಲಿಲ್ಲ. ದಿನವಿಡೀ ಮೆಷಿನ್ನುಗಳು ಓಡಿದವು, ನಿಂತವು. ಕ್ಯೂ ಬೆಳೆಯುತ್ತಾ ಹೋಯಿತು. ಸಂಜೆ ಮಾಲೀಕರು ಒಳಗೆ ಬಂದು ಸ್ಕ್ರೀನಿನ ಮೇಲಿದ್ದ ಸಂಖ್ಯೆ ನೋಡಿ, ತಮ್ಮ ಫೋನಿನಲ್ಲಿ ಅದರ ಫೋಟೋ ಹಿಡಿದುಕೊಂಡರು. ಕ್ಯಾಬಿನ್ನಿಗೆ ಬೀಗ ಹಾಕಿ, ಮೈನ್ ತೆಗಿ ಅಂತ ವಾಚ್‌ಮನ್ನನಿಗೆ ಹೇಳಿದರು. ಶ್ರೀಧರ ಮೆಲ್ಲಗೆ, “ದಿನಾ ತೆಗಿಯೋರೇ ತೆಗೀಲಿ ಸಾರ್” ಅಂದ. ರಂಗಪ್ಪನವರು ಹೋಗಿ ಎರಡೂ ಹ್ಯಾಂಡಲ್ ಎಳೆದರು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ತಿದ್ದಿದ್ದು ಸರಿಯಾಗಿದೆ ಅಂತ ಗೊತ್ತಿತ್ತು, ನಾನೇ ನಾಲ್ಕಾರು ಸಲ ಕರೆಂಟು ಕಿತ್ತು ಪರೀಕ್ಷೆ ಮಾಡಿದ್ದೆ. ಆದರೂ ಪರೀಕ್ಷೆ ಮಾಡಿ ಸರಿಯಾಗಿದೆ ಅಂದುಕೊಂಡಿದ್ದು ಹಿಂದೆಯೂ ಒಂದು ಸಲ ಆಗಿತ್ತಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಅತ್ತೆ ಡಬ್ಬಿಗೆ ಎರಡು ರೊಟ್ಟಿ ಜಾಸ್ತಿ ಹಾಕಿ, “ಆ ಯಜಮಾನ್ರಿಗೆ” ಅಂದರು.

ರಂಗಪ್ಪನವರು ಲೈಟು, ಕ್ಯಾಬಿನ್ನಿನ ಮೈನ್ ಹಾಕಿದರು. ಮಾಲೀಕರು ಕ್ಯಾಬಿನ್ನಿನ ಬೀಗ ತೆಗೆದರು. ಕಂಪ್ಯೂಟರು ಎದ್ದು ಸರ್ವರ್ ಓಡಲು ಶುರು ಮಾಡುವವರೆಗೆ ಬಾಗಿಲಲ್ಲಿ ನಾಲ್ಕೈದು ತಲೆಗಳು ಇಣುಕಿ ನೋಡುತ್ತಿದ್ದವು. ಕ್ಯೂ ತೆರೆದೆ. ಪ್ರಭಾಕರ್ ಸಾರ್ ಫೋನು ತೆಗೆದು ಆ ಫೋಟೋ ಸ್ಕ್ರೀನಿನ ಪಕ್ಕ ಹಿಡಿದರು. ಒಂದೇ ಸಂಖ್ಯೆ. ಒಂದು ಮೆಸೇಜೂ ಕಳೆದಿರಲಿಲ್ಲ. ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಆಪರೇಟರು ರಂಗಪ್ಪನವರ ಹೆಗಲ ಮೇಲೆ ಕೈಯಿಟ್ಟ.

ಪ್ರಭಾಕರ್ ಸಾರ್ ಕೆಟ್ಟವರಲ್ಲ. ಫೋನನ್ನು ಜೇಬಿಗಿಟ್ಟುಕೊಂಡರು. ಆಮೇಲೆ ಹೊರಗೆ ಬಂದು, ಎಲ್ಲರೂ ಇರುವಂತೆಯೇ ಜೇಬಿನಿಂದ ಕ್ಯಾಬಿನ್ನಿನ ಬೀಗದಕೈ ತೆಗೆದು ಚಾಚಿದರು. “ತಗೊಳಪ್ಪ ರಂಗಪ್ಪ. ಮನಸ್ಸಲ್ಲಿ ಇಟ್ಕೋಬೇಡ” ಅಂದರು.

ರಂಗಪ್ಪನವರು ತಕ್ಷಣ ಕೈ ಚಾಚಲಿಲ್ಲ. “ನನ್ನೇ ಒಂದ್ ಮಾತು ಕೇಳ್ಬೋದಾಗಿತ್ತಲ್ಲ ಸಾರ್” ಅಂದರು. ಜೋರಾಗಿ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಶ್ರೀಧರ ನೆಲ ನೋಡಿದ. ನಾನೂ ತಲೆ ತಗ್ಗಿಸಿದೆ. ಯಾವ ಪೈಥಾನು, ಯಾವ ಪೋರ್ಟು, ಯಾವ ಪಾಸ್‌ವರ್ಡು ಅಂತ ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದವಳು, ಸಂಜೆ ಇದನ್ನು ಏನು ಮಾಡುತ್ತೀರಿ ಅಂತ ಅವರನ್ನು ಕೇಳಿರಲಿಲ್ಲ.

ಅಷ್ಟರಲ್ಲಿ ಶಿಫ್ಟಿನ ಸೈರನ್ ಆಯಿತು. ರಂಗಪ್ಪನವರು ಬೀಗದಕೈ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಶಟರಿನ ಹತ್ತಿರ ಹೋಗಿ ಮೆಷಿನ್ನುಗಳ ಮೈನಿನ ಹ್ಯಾಂಡಲ್ ಹಿಡಿದು, ಹಿಂದಕ್ಕೆ ತಿರುಗಿ ಶೆಡ್ಡಿನ ಆ ತುದಿಗೂ ಕೇಳುವ ಹಾಗೆ, “ಎಲ್ರೂ ಕೈ ತಗಿದ್ರೇನ್ರಪ್ಪಾ?” ಅಂತ ಕೂಗಿದರು. ಒಬ್ಬೊಬ್ಬರೇ ಹೂಂ ಅಂದರು. ಕೊನೆಯ ಪ್ರೆಸ್ಸಿನವನು ಏನೋ ಯೋಚನೆಯಲ್ಲಿದ್ದ, ಉತ್ತರ ಕೊಡಲಿಲ್ಲ. ರಂಗಪ್ಪನವರು ಅವನ ಹೆಸರು ಹಿಡಿದು ಇನ್ನೊಮ್ಮೆ ಕೇಳಿದರು. ಅವನು ಎರಡೂ ಕೈ ಮೇಲೆತ್ತಿ ತೋರಿಸುವವರೆಗೆ ಕಾದು, ಆಮೇಲೆ ಹ್ಯಾಂಡಲ್ ಎತ್ತಿದರು.